ಎರಡು ಬಾಗಿಲಿನ ಕಾರು, ಅರ್ಧ ರಸ್ತೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಇಪ್ಪತ್ತೆರಡು ವರ್ಷದಿಂದ ಖಾಸಗಿ ಬಸ್ಸು ಓಡಿಸುತ್ತಿದ್ದೇನೆ. ಮಧುಗಿರಿಯಿಂದ ಪಾವಗಡ, ಪಾವಗಡದಿಂದ ವೈ.ಎನ್.ಹೊಸಕೋಟೆ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲಿಸಬೇಕು. ಒಂದು ಬೇವಿನ ಮರದ ಕೆಳಗೆ ಒಬ್ಬಳನ್ನು ಹತ್ತಿಸಿಕೊಂಡು ಮೂರನೇ ಗೇರಿಗೆ ಬಂದೆ ಅನ್ನುವಷ್ಟರಲ್ಲಿ ಮುಂದಿನ ಬೇವಿನ ಮರದ ಕೆಳಗೆ ಅವಳ ನಾದಿನಿ ನಿಂತಿರುತ್ತಾಳೆ. ಇಬ್ಬರೂ ಒಂದೇ ಮರದ ಕೆಳಗೆ ನಿಂತರೆ ಇವರ ಗಂಟೇನು ಹೋಗುತ್ತದೆ? ನಾಲ್ಕನೇ ಗೇರು ನನ್ನ ಪಾಲಿಗೆ ಹಬ್ಬದೂಟ, ವರ್ಷಕ್ಕೆ ನಾಲ್ಕು ಸಲ ಸಿಕ್ಕರೆ ಹೆಚ್ಚು.

ಗಾಡಿ ಓಡಿಸುವುದೆಂದರೆ ನನಗೆ ಪ್ರಾಣ. ಹೊಟ್ಟೆಪಾಡಿಗೆ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ನನಗೆ ತಿರುವು ಕಂಡರೆ ಕೈ ಕಡಿಯುತ್ತದೆ. ಎಲ್ಲಿ ಬ್ರೇಕ್ ಮುಟ್ಟಬೇಕು, ಎಲ್ಲಿ ಬಿಡಬೇಕು, ಯಾವ ಕಡೆಯ ಟಾರು ಸವೆದು ನುಣ್ಣಗಾಗಿದೆ, ಎಲ್ಲ ಗೊತ್ತು. ಗೊತ್ತಿದ್ದು ಏನು ಮಾಡುವುದು, ಬಸ್ಸು ತಿರುವಿನಲ್ಲಿ ಬಸುರಿ ಎಮ್ಮೆಯ ಹಾಗೆ ವಾಲುತ್ತದೆ. ಒಂದು ದಿನ ಒಂದು ಗಿಡ್ಡ ಕಾರು, ಎರಡೇ ಬಾಗಿಲಿನದು, ನನ್ನ ಬಸ್ಸನ್ನು ದಾಟಿಕೊಂಡು ಮುಂದಿನ ತಿರುವಿಗೆ ಹೋಯಿತು. ವಾಲಲಿಲ್ಲ, ಕಿರುಚಲಿಲ್ಲ. ಗೆರೆ ಎಳೆದ ಹಾಗೆ ಹೋಯಿತು. ಅವತ್ತು ರಾತ್ರಿ ಊಟ ಮಾಡುವಾಗ ನನ್ನ ಹೆಂಡತಿಗೆ ಹೇಳಿದೆ, ನಾನೂ ಅಂಥದ್ದೊಂದು ತಗೊಳ್ಳುತ್ತೇನೆ ಎಂದು.

"ದಿನವೆಲ್ಲ ಓಡ್ಸಿದ್ದು ಸಾಲ್ದೇನ್ರೀ?" ಅಂದಳು.

"ಅದು ಓಡ್ಸೋದಲ್ಲ ಕಣೇ, ದೂಡೋದು."

ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾಗಿ ಮತ್ತೆ ಮುದ್ದೆಗೆ ಕೈ ಹಾಕಿದಳು. ಆಮೇಲೆ ಮೂರು ವರ್ಷ ಆ ಮಾತು ನಮ್ಮ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಕೂತಿತ್ತು.

ಕಾರು ಸಿಕ್ಕಿದ್ದು ಸಿರಾದಲ್ಲಿ, ಹೈವೇ ಪಕ್ಕ ಹಳೇ ಗಾಡಿ ಮಾರುವ ಒಬ್ಬ ಸಾಹೇಬರ ಅಂಗಳದಲ್ಲಿ. ಗಣೇಶನ ಹಬ್ಬದ ವಾರ. ಯಾವನೋ ಕ್ರಷರ್ ಮಾಲೀಕನ ಮಗ ಆಸೆಪಟ್ಟು ತಂದು, ಎರಡು ವರ್ಷಕ್ಕೆ ಬೇಸರ ಬಂದು ಮಾರಿದ್ದನಂತೆ. ಬೂದು ಬಣ್ಣ. ಉದ್ದ ಬಾನೆಟ್ಟು, ಹಿಂದಕ್ಕೆ ಇಳಿಜಾರಾದ ಮೇಲ್ಛಾವಣಿ. ಹಿಂದೆ ಸೀಟು ಅಂತ ಒಂದಿತ್ತು, ಅದರಲ್ಲಿ ಎರಡು ಕುಂಬಳಕಾಯಿ ಕೂರಿಸಬಹುದು, ಮನುಷ್ಯರನ್ನಲ್ಲ.

ನಾನೇನು ನಿನ್ನೆ ಮೊನ್ನೆ ಲೈಸೆನ್ಸ್ ತೆಗೆದವನಲ್ಲ. ಮೊದಲು ಅಂಗೈ ಬಾನೆಟ್ಟಿನ ಮೇಲಿಟ್ಟೆ. ಬಿಸಿಯಾಗಿದ್ದರೆ ಗಿರಾಕಿ ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಹುಳುಕು ಮುಚ್ಚಿದ್ದಾರೆ ಎಂದರ್ಥ. ತಣ್ಣಗಿತ್ತು. ಆಯಿಲ್ ಮುಚ್ಚಳ ತೆಗೆದು ಮೂಸಿದೆ. ನಾಲ್ಕು ಟೈರಿನ ಸವೆತ ಬೆರಳಿನಲ್ಲಿ ನೋಡಿದೆ. ಬಾಗಿಲ ಸಂದಿ ಎರಡೂ ಕಡೆ ಸಮ ಇದೆಯೇ ಎಂದು ಉಗುರು ಹಾಕಿ ಅಳೆದೆ. ಸಾಹೇಬರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದರು. ಸೆಲ್ಫ್ ಹೊಡೆದೆ. ಆ ಸದ್ದು ನನ್ನ ಬೆನ್ನುಮೂಳೆಯಲ್ಲಿ ಹತ್ತಿ ನೆತ್ತಿಗೆ ಹೋಯಿತು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು ಎನ್ನುವುದು ನಿಜ, ಒಪ್ಪಿಕೊಳ್ಳುತ್ತೇನೆ.

ಆಗ ಸಾಹೇಬರು ಎದ್ದು ಬಂದರು.

"ಅರೆ ಭಾಯ್, ಒಂದ್ ಮಾತು ಕೇಳಿ. ಇಂಜಿನ್ ಪಸಂದಾಗೈತೆ, ಅದ್ರ ಬಗ್ಗೆ ಯೋಚ್ನೆ ಬ್ಯಾಡ. ಆದ್ರೆ ಹೊಟ್ಟೆ ಕೆಳ್ಗೆ ಒಂದು ಪ್ಲಾಸ್ಟಿಕ್ ತಟ್ಟೆ ಬರ್ಬೇಕು, ಅದಿಲ್ಲ. ಯಾವ್ದೋ ರೋಡ್ ಹಂಪಿಗೆ ಹೊಡ್ದು ಹೋಗ್ಬುಟ್ಟೈತೆ. ನಾನು ತರಿಸ್ತೀನಿ. ಹದಿನೈದ್ ದಿನ ಗಾಡಿ ಇಲ್ಲೇ ಇರ್ಲಿ, ಹಾಕ್ಸಿ ಕೊಡ್ತೀನಿ. ಅದಿಲ್ದೆ ಓಡಿಸ್ಬ್ಯಾಡಿ. ಕಲ್ಲು, ಕಸ, ಎಲ್ಲಾ ಒಳಕ್ಕೆ ಹೋಗ್ತದೆ."

ಮೂರು ವರ್ಷ ಕಾದವನಿಗೆ ಇನ್ನೂ ಹದಿನೈದು ದಿನ ಅಂದರೆ! ನನಗೆ ರೇಗಿತು. ಅವರು ಹೇಳಿದ ಧಾಟಿಗೂ ರೇಗಿತು, ಹೊಸಬನಿಗೆ ಹೇಳಿದ ಹಾಗೆ ಹೇಳಿದರು.

"ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದಿದೀನಿ ಸಾಹೇಬ್ರೇ. ಹಂಪು ಹೆಂಗೆ ಹತ್ತಿಸ್ಬೇಕು ಅಂತ ನೀವು ನಂಗೆ ಹೇಳ್ಕೊಡ್ಬೇಡಿ."

ಅವರು ನಕ್ಕರು. "ನಿಮ್ ಮರ್ಜಿ" ಅಂದು ಕೀಲಿ ನನ್ನ ಕೈಗಿಟ್ಟರು.

ಎರಡು ಬಾಗಿಲಿನ ಕಾರು ಕೊಂಡವನನ್ನು ನಮ್ಮ ಕಡೆ ಯಾರೂ ಕ್ಷಮಿಸುವುದಿಲ್ಲ. ಬಡವನಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. "ಹಿಂದಿನ ಬಾಗ್ಲು ಸಿರಾದೋರು ಅಡ ಇಟ್ಕೊಂಡವ್ರಾ?" ಅಂದ ಒಬ್ಬ. ಮಧುಗಿರಿಯಲ್ಲಿ ಪೂಜೆ ಮಾಡಿಸಿದೆ. ಟೈರಿನ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದ ಅಯ್ಯನವರು, ಹಣ್ಣು ಒಡೆಯುವುದಕ್ಕೆ ಮೊದಲೇ ಬಂಪರಿಗೆ ತಾಗುತ್ತದೇನೋ ಎಂದು ಅನುಮಾನಪಟ್ಟರು. ನನ್ನ ಕಂಡಕ್ಟರು, ಹದಿನಾಲ್ಕು ವರ್ಷದಿಂದ ನನ್ನ ಬಸ್ಸಿನಲ್ಲೇ ಇರುವವನು, ಕಾರಿನ ಸುತ್ತ ಒಂದು ಸುತ್ತು ಬಂದು, "ಅಣ್ಣ, ಇದಕ್ಕೆ ಹತ್ತೋದಲ್ಲ, ಇಳಿಯೋದು" ಅಂದ. ಆ ಮಾತಿಗೆ ನಾನೂ ನಕ್ಕೆ. ಉಳಿದವರಿಗೆಲ್ಲ ಬೈದೆ.

ಹಂಪುಗಳ ಬಗ್ಗೆ ಮಾತನಾಡಿದರೆ ನನ್ನ ಬಿ.ಪಿ. ಏರುತ್ತದೆ. ಒಂದೊಂದು ಊರಿನವರೂ ತಮಗೆ ಬೇಕಾದ ಕಡೆ ತಾವೇ ಮಣ್ಣು ಜಲ್ಲಿ ಸುರಿದು ಹಂಪು ಮಾಡಿಕೊಂಡಿದ್ದಾರೆ. ಬಣ್ಣವಿಲ್ಲ, ಬೋರ್ಡಿಲ್ಲ. ಪಾವಗಡದ ದಾರಿಯಲ್ಲೇ ಒಂದಿದೆ, ಅದು ಹಂಪಲ್ಲ, ಸಮಾಧಿ. ಬಸ್ಸಿನಲ್ಲಿ ಇಷ್ಟು ವರ್ಷ ಅದರ ಮೇಲೆ ಧಡಕ್ಕೆಂದು ಹಾರಿಸಿಕೊಂಡು ಹೋದವನು ಈಗ ಕಾರು ನಿಲ್ಲಿಸಿ, ಇಳಿದು, ಮೊಣಕಾಲೂರಿ ಕೆಳಗೆ ನೋಡಿ, ಮತ್ತೆ ಹತ್ತಿ, ಓರೆಯಾಗಿ ಒಂದೊಂದೇ ಚಕ್ರ ದಾಟಿಸಬೇಕಿತ್ತು. ಮನೆಗೆ ಬಂದು ರಸ್ತೆ ಮಾಡಿದವರ ವಂಶವನ್ನೆಲ್ಲ ಬೈಯುತ್ತಿದ್ದೆ. "ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ನನ್ನ ಹೆಂಡತಿ ಪಾತ್ರೆಗೆ ಹೇಳುತ್ತಿದ್ದಳು, ನನಗೆ ಕೇಳುವ ಹಾಗೆ.

ಸಿರಾದ ಸಾಹೇಬರು ಎರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಬಸ್ಸಿನಲ್ಲಿದ್ದೆ ಅಂತ ಹೇಳಬಹುದು, ಆದರೆ ಎರಡನೇ ಸಲ ಮನೆಯಲ್ಲೇ ಇದ್ದೆ. ಇನ್ನೇನೋ ಮಾರಲು ನೋಡುತ್ತಿದ್ದಾರೆ ಅಂದುಕೊಂಡೆ.

ಇಷ್ಟೆಲ್ಲ ಬೈದ ಮೇಲೆ ಒಂದು ಭಾನುವಾರದ ಬಗ್ಗೆಯೂ ಹೇಳಲೇಬೇಕು. ಬೆಳಗ್ಗೆ ಆರು ಗಂಟೆಗೆ ಕೊರಟಗೆರೆಯಿಂದ ಮಧುಗಿರಿಗೆ ಬರುತ್ತಿದ್ದೆ. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಮೊದಲ ತಿರುವಿಗೆ ಮೂರನೇ ಗೇರು, ಬ್ರೇಕ್ ಮುಟ್ಟಿ ಬಿಟ್ಟೆ. ಕಾರು ನನ್ನ ಮನಸ್ಸಿಗಿಂತ ಒಂದು ಕ್ಷಣ ಮುಂಚೆ ತಿರುಗಿತು. ಇನ್ನೊಂದು ತಿರುವು, ಮತ್ತೊಂದು. ಯಾವ ವಿಸಿಲ್ಲೂ ಇಲ್ಲ, ಯಾವ ನಾದಿನಿಯೂ ಇಲ್ಲ. ದೂರದಲ್ಲಿ ಮಧುಗಿರಿ ಬೆಟ್ಟ ಕಂಡಾಗ ಅಯ್ಯೋ, ಬಂದೇಬಿಟ್ಟಿತಲ್ಲ ಎಂದು ಸಂಕಟವಾಗಿ ಕಾರು ತಿರುಗಿಸಿಕೊಂಡು ವಾಪಸ್ಸು ಕೊರಟಗೆರೆಗೆ ಹೋದೆ. ಐವತ್ತನೇ ವಯಸ್ಸಿನಲ್ಲಿ ಅಷ್ಟು ಖುಷಿಯಾಗುವುದು ನಾಚಿಕೆಗೇಡು ಅನ್ನಿಸಿತು. ಆ ಒಂದು ಗಂಟೆ ನಾನು ಭೂಮಿಯ ಮೇಲಿರುವ ಯಾರ ಮೇಲೂ ಸಿಟ್ಟಾಗಿರಲಿಲ್ಲ.

ಸಂಕ್ರಾಂತಿ ಮುಗಿದ ವಾರ. ಕಂಡಕ್ಟರಿಗೆ ಹೊಸಕೋಟೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾನೇ ಬಿಡುತ್ತೇನೆ ಎಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಪಾವಗಡ ದಾಟಿದ ಮೇಲೆ ಒಂದು ಕಡೆ ರಸ್ತೆ ಉದ್ದಕ್ಕೆ ನೆಟ್ಟಗಿದೆ. ಬೆಳಗಿನ ಹತ್ತು ಗಂಟೆಯ ಬಿಸಿಲು. ನಾಲ್ಕನೇ ಗೇರು ದಾಟಿ ಐದಕ್ಕೆ ಹಾಕಿದೆ. ಕಂಡಕ್ಟರು ಎರಡು ಕೈಯಲ್ಲೂ ಸೀಟು ಹಿಡಿದುಕೊಂಡಿದ್ದ, ಆದರೆ ನಗುತ್ತಿದ್ದ.

ದೂರದಲ್ಲಿ ರಸ್ತೆ ಕಂದು ಬಣ್ಣಕ್ಕೆ ತಿರುಗಿತ್ತು. ಆ ವರ್ಷದ ಹುರುಳಿ ಅವತ್ತೇ ಹಾಸಿದ್ದರು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಕಣ ಮಾಡುವವರು ಯಾರೂ ಇಲ್ಲ, ಎತ್ತು ಕಟ್ಟಿ ಕಲ್ಲುಗುಂಡು ಎಳೆಸುವವರೂ ಇಲ್ಲ. ಕಿತ್ತ ಗಿಡವನ್ನು ತಂದು ಟಾರು ರಸ್ತೆಯ ಮೇಲೆ ಹರಡಿದರೆ ಬಸ್ಸು ಲಾರಿ ಹರಿದು ಒಕ್ಕಣೆ ತಾನಾಗಿ ಆಗುತ್ತದೆ. ನಾನೂ ಈ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಹುರುಳಿ, ಎಷ್ಟು ರಾಗಿ ಒಕ್ಕಿದ್ದೇನೋ ಲೆಕ್ಕವಿಲ್ಲ. ಟೈರಿನ ಕೆಳಗೆ ಕಾಯಿ ಚಟಚಟ ಒಡೆಯುವ ಸದ್ದು ನನಗೆ ಇಷ್ಟ ಕೂಡ. ಆ ಜಾಗದಲ್ಲಿ ಹಾಸುವುದು ಕುರಿ ಸಾಕುವ ಮನೆಯ ಒಬ್ಬ ಅಜ್ಜಿ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಬಸ್ಸು ನಿಲ್ಲಿಸಿ ನನಗೆ ಒಂದು ಸೇರು ಹುರುಳಿ ಕೊಡುತ್ತಾಳೆ. ಅದರ ಬಸ್ಸಾರು ತಿಂದೇ ನನ್ನ ಚಳಿಗಾಲಗಳು ಕಳೆದಿವೆ.

ಬ್ರೇಕ್ ಹಾಕಿದೆ. ರಸ್ತೆಯ ಅಂಚಿನಿಂದ ಅಂಚಿಗೆ ಹಾಸಿದ್ದರು, ಎರಡೂ ಪಕ್ಕ ತಲೆಗಾತ್ರದ ಕಲ್ಲು ಸಾಲಾಗಿಟ್ಟಿದ್ದರು. ಪಕ್ಕದಲ್ಲಿ ಇಳಿಸಲು ಜಾಗವಿಲ್ಲ. ನಿಧಾನಕ್ಕೆ ಮೇಲೇ ಬಿಟ್ಟೆ. ಹೊಟ್ಟೆ ಕೆಳಗೆ ಗಿಡ ಸರಬರ ಉಜ್ಜಿತು, ಏನೋ ಸುತ್ತಿಕೊಂಡ ಹಾಗೆ ಗಾಡಿ ಭಾರವಾಯಿತು. ದಾಟಿದ ಮೇಲೆ ಇಳಿದು ನೋಡಬೇಕಿತ್ತು. ಆ ಸಮಾಧಿ ಹಂಪಿಗೆ ನಾಲ್ಕು ಸಲ ಇಳಿದವನು ಅಲ್ಲಿ ಇಳಿಯಲಿಲ್ಲ. ಮುಂದೆ ನೆಟ್ಟನೆ ರಸ್ತೆ ಕಾಣುತ್ತಿತ್ತು, ಮತ್ತೆ ಗೇರು ಏರಿಸಿದೆ.

ಎರಡು ಫರ್ಲಾಂಗು ಹೋಗಿರಬೇಕು. "ಅಣ್ಣ, ಏನೋ ಸುಟ್ಟ ವಾಸ್ನೆ" ಅಂದ ಕಂಡಕ್ಟರು. ಕ್ಲಚ್ಚು ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಿಳಿ ಹೊಗೆ. ನಿಲ್ಲಿಸಿ ಇಳಿದೆವು. ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡ ಒಣಗಿಡ ಹೊತ್ತಿಕೊಂಡಿತ್ತು. ತಟ್ಟೆ ಇಲ್ಲದ ಹೊಟ್ಟೆಯೊಳಗೆ ಇಂಜಿನ್ ತನಕ ಹುರುಳಿ ಗಿಡ ತುಂಬಿಕೊಂಡಿತ್ತು, ಯಾರೋ ಬೇಕೆಂದೇ ಒಲೆಗೆ ಸೌದೆ ಒಟ್ಟಿದ ಹಾಗೆ. ನೋಡನೋಡುತ್ತ ಬಾನೆಟ್ಟಿನ ಸಂದಿಯಿಂದ ಬೆಂಕಿ ಬಂತು.

ಹಾಸಿದವರೇ ಓಡಿ ಬಂದರು. ಬಿಂದಿಗೆಯ ನೀರು, ಬುಟ್ಟಿಯ ಮಣ್ಣು, ಕುರಿಗೆ ಇಟ್ಟಿದ್ದ ನೀರಿನಲ್ಲಿ ಅದ್ದಿದ ಗೋಣಿಚೀಲ. ಅಜ್ಜಿ ತನ್ನ ಕಂಬಳಿಯನ್ನೇ ನೆನೆಸಿ ತಂದು ಬಾನೆಟ್ಟಿನ ಮೇಲೆ ಎಸೆದಳು. ಬೆಂಕಿ ಆರಿತು. ಆರುವಷ್ಟರಲ್ಲಿ ಮುಂದಿನ ಅರ್ಧ ಕಾರು ಕರಗಿ ಜೋತುಬಿದ್ದಿತ್ತು.

ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ. ರಸ್ತೆ ನಿಮ್ಮಪ್ಪನದಾ ಅಂದೆ. ಸ್ಟೇಷನ್ನಿಗೆ ಎಳೆಯುತ್ತೇನೆ ಅಂದೆ. ಕೈ ಸುಟ್ಟುಕೊಂಡು ನಿಂತವರಿಗೆ ಅಂದೆ. "ಅರ್ಧ ರಸ್ತೆ ಬಿಟ್ಟು ಹಾಕಕ್ಕೆ ಏನ್ರೇ ರೋಗ ನಿಮಗೆ? ಕಲ್ಲು ಬೇರೆ ಜೋಡಿಸಿದೀರಾ, ಕೊಲ್ಲಕ್ಕೇನು?"

ಅಜ್ಜಿ ಹತ್ತಿರ ಬಂದು ನನ್ನ ಮುಖ ನೋಡಿದಳು. ಬಸ್ಸು ಬಿಟ್ಟು ಕಾರಿನಲ್ಲಿ ಬಂದದ್ದರಿಂದ ಅಲ್ಲಿಯವರೆಗೆ ಗುರುತು ಸಿಕ್ಕಿರಲಿಲ್ಲ.

"ನಾಯ್ನಾ, ನೀನು ಬಸ್ಸಿನ ಡ್ರೈವರಣ್ಣ ಅಲ್ವಾ?" ಅಂದಳು. "ನೀನೇ ಅಲ್ವೇನಪ್ಪಾ ಏಳಿದ್ದು, ಅರ್ಧ ಆಕ್ಬ್ಯಾಡಿ, ಆಕಿದ್ರೆ ಪೂರ್ತಿ ಆಕಿ ಅಂತ? ತಿರುವಲ್ಲಿ ಬ್ಯಾಡ, ಈ ನೆಟ್ಟನೆ ಕಡೆ ಆಕಿ ಅಂದೆ. ಕಲ್ಲಿಡಿ ಅಂದೋನೂ ನೀನೇ. ಅವತ್ನಿಂದ ಅಂಗೇ ಮಾಡ್ತಾ ಇದೀವಿ ಕಣಪ್ಪ."

ನಾನು ಕಂಡಕ್ಟರನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ.

"ಹೌದಣ್ಣ" ಅಂದ. "ನೀನೇ ಹೇಳಿದ್ದು. ನಾನೂ ಇದ್ನಲ್ಲ."

ನೆನಪಾಯಿತು. ಆರು ವರ್ಷದ ಹಿಂದೆ. ಆಗ ಇವರು ಎಡಗಡೆ ಅರ್ಧ ರಸ್ತೆಗೆ ಮಾತ್ರ ಹಾಸುತ್ತಿದ್ದರು, ಬೇಕಾದವರು ಬಲಗಡೆ ಹೋಗಲಿ ಎಂದು. ಎಡಚಕ್ರ ಗಿಡದ ಮೇಲೆ, ಬಲಚಕ್ರ ಟಾರಿನ ಮೇಲೆ ಇದ್ದಾಗ ಎದುರಿಗೆ ಬೈಕು ಬಂತು. ಬ್ರೇಕ್ ಹಾಕಿದರೆ ಎಡಚಕ್ರ ಜಾರಿ, ಬಸ್ಸು ಬಲಕ್ಕೆ ಎಳೆದು, ಸ್ವಲ್ಪದರಲ್ಲಿ ಬೈಕಿನವನು ಉಳಿದ. ಆ ಸಿಟ್ಟಿಗೆ ಬಸ್ಸಿನಿಂದ ಇಳಿದು, ಅರವತ್ತು ಜನ ಪ್ಯಾಸೆಂಜರ ಮುಂದೆ ಇವರಿಗೆ ಪಾಠ ಮಾಡಿದ್ದೆ. ನಾಲ್ಕೂ ಚಕ್ರಕ್ಕೆ ಒಂದೇ ಹಿಡಿತ ಇರಬೇಕು, ಅಗಲಕ್ಕೂ ಹಾಸಿ, ಬೈಕಿನವರು ಸಂದಿಯಲ್ಲಿ ನುಗ್ಗದ ಹಾಗೆ ಕಲ್ಲಿಡಿ. ಎಷ್ಟು ಚೆನ್ನಾಗಿ ಹೇಳಿದ್ದೆನೆಂದರೆ ಪ್ಯಾಸೆಂಜರೆಲ್ಲ ತಲೆದೂಗಿದ್ದರು. ಅದಾದ ವರ್ಷದಿಂದಲೇ ಅಜ್ಜಿ ಸೇರು ಹುರುಳಿ ಕೊಡಲು ಶುರು ಮಾಡಿದ್ದು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಅದನ್ನು ಹೇಳಿದವನು ಎದುರಿಗಿದ್ದರೆ ಅವನಿಗೂ ಬೈಯುತ್ತಿದ್ದೆ.

ಎಳೆಯುವ ಗಾಡಿ ತರಿಸಿ ಸಿರಾಕ್ಕೆ ಒಯ್ದೆ. ಸಾಹೇಬರು ಬಾನೆಟ್ಟು ಎತ್ತಿಸಿ ಬಹಳ ಹೊತ್ತು ನೋಡಿದರು. ವೈರಿಂಗ್ ಒಂದೂ ಉಳಿದಿಲ್ಲ, ಇಂಜಿನ್ನಿನ ತಲೆ ಬಿರುಕು ಬಿಟ್ಟಿದೆ. ಈ ಗಾಡಿಯ ಇಂಜಿನ್ ಸಾಮಾನು ಈಗ ಬರುವುದಿಲ್ಲ. "ಖತಂ ಭಾಯ್" ಅಂದರು. ತಟ್ಟೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ನನಗೆ ಒಂದು ಜಗಳ ಬೇಕೇ ಬೇಕಾಗಿತ್ತು.

"ಹೇಳಿ ಮತ್ತೆ" ಅಂದೆ ನಾನೇ. "ಅವತ್ತೇ ಹೇಳಿದ್ದೆ ಅಂತ ಹೇಳಿ."

ಅವರು ಷೆಡ್ಡಿನೊಳಗೆ ಹೋದರು. ನಾನು ಹಿಂದೆಯೇ ಹೋದೆ. ಗೋಡೆಗೆ ಒರಗಿಸಿ ಒಂದು ಅಗಲವಾದ ಕಪ್ಪು ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದರು, ಹೊಸದು, ಮೇಲೆ ಒಂದು ಬೆರಳು ದಪ್ಪ ಧೂಳು. ಬಿಳಿ ಸೀಮೆಸುಣ್ಣದಲ್ಲಿ ಅದರ ಮೇಲೆ 'ಪಾವಗಡ ಡ್ರೈವರ್' ಎಂದು ಬರೆದಿತ್ತು.

"ಗಾಡಿ ಕೊಟ್ಟ ತಿಂಗ್ಳಲ್ಲೇ ಬಂದಿತ್ತು" ಅಂದರು. "ಎಲ್ಡು ಸಲ ಫೋನ್ ಹಾಕ್ದೆ. ನೀವು ಬಿಜಿ ಇದ್ರಿ."

ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ. ನನ್ನನ್ನು ಒಂದು ಮಾತಾದರೂ ಅನ್ನಬಾರದಿತ್ತೇ. ಕಾರನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ, ಸೀಟು ಸಿಗದೆ ನಿಂತುಕೊಂಡೇ ಮಧುಗಿರಿಗೆ ಬಂದೆ. ನನ್ನ ಹೆಂಡತಿ ಗಾದೆ ಹೇಳಲಿಲ್ಲ. ಬಟ್ಟೆಯ ಹೊಗೆವಾಸನೆ ಹೋಗಲೆಂದು ಎರಡು ಸಲ ನೆನೆಹಾಕಿದಳು.

ಮಾರನೆಯ ದಿನ ಡ್ಯೂಟಿಗೆ ಹೋದೆ. ಬಸ್ಸು ಪಾವಗಡ ದಾಟಿತು. ಎಲ್ಲರಿಗೂ ಸುದ್ದಿ ಗೊತ್ತಿತ್ತು, ನಾನು ಏನು ಮಾಡುತ್ತೇನೆ ಎಂದು ನೋಡಲು ಹಿಂದಿನ ಸೀಟಿನವರೂ ಎದ್ದು ನಿಂತಿದ್ದರು. ದೂರದಿಂದ ಹುರುಳಿ ಕಂಡಿತು. ಈ ಸಲ ಅರ್ಧ ರಸ್ತೆಗೆ, ಎಡಗಡೆ ಮಾತ್ರ. ಬಲಗಡೆ ಪೊರಕೆಯಲ್ಲಿ ಗುಡಿಸಿ ಒಂದು ಕಡ್ಡಿಯೂ ಇಲ್ಲದ ಹಾಗೆ ಮಾಡಿದ್ದರು. ಕಲ್ಲುಗಳನ್ನು ಎತ್ತಿ ಹೊಲಕ್ಕೆ ಎಸೆದಿದ್ದರು. ಅಜ್ಜಿ ರಸ್ತೆ ಪಕ್ಕ ನಿಂತಿದ್ದಳು, ಹೆಗಲ ಮೇಲೆ ಕಂಬಳಿ ಇರಲಿಲ್ಲ.

ಬಸ್ಸು ನಿಲ್ಲಿಸಿದೆ. ಬೈಯಲು ಬಾಯಿ ತೆರೆದೆ, ಅರ್ಧ ಹಾಸಬೇಡಿ ಎಂದು ಎಷ್ಟು ಸಲ ಹೇಳಬೇಕು ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು.

"ಆ ಕಡೆ ಬುಟ್ಟಿದೀನಿ ಕಣಪ್ಪ, ನಿನ್ ಕಾರಿಗೆ" ಅಂದಳು ಅಜ್ಜಿ ಕಿಟಕಿಯ ಕೆಳಗೆ ಬಂದು. "ಯಾವಾಗ್ ಬತ್ತೀಯೋ ಏನೋ. ದಿನಾ ಗುಡಿಸಿ ಇಟ್ಟಿರ್ತೀನಿ."

ಬಾಯಿ ಮುಚ್ಚಿದೆ. ಕಂಡಕ್ಟರು ವಿಸಿಲ್ ಹಾಕಲಿಲ್ಲ. ಖಾಲಿ ಬಲಗಡೆ ಹೋಗಿಬಿಡಬಹುದಿತ್ತು, ಅವಳ ಹುರುಳಿ ಒಕ್ಕದೆ ಹಾಗೇ ಬಿದ್ದಿರುತ್ತಿತ್ತು. ಒಂದನೇ ಗೇರಿಗೆ ಹಾಕಿ ಎಡಚಕ್ರವನ್ನು ಗಿಡದ ಮೇಲೆ ಬಿಟ್ಟೆ. ಯಾರಿಗೂ ಮಾಡಬೇಡಿ ಎಂದು ಹೇಳುತ್ತ ಬಂದ ಕೆಲಸವದು. ಸ್ಟೀರಿಂಗ್ ಬಲಕ್ಕೆ ಎಳೆಯಿತು, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದೆ. ಕಾಯಿ ಒಡೆಯುವ ಸದ್ದು ಒಂದೇ ಕಡೆಯಿಂದ ಕೇಳಿಸಿತು.

ಆ ಸುಗ್ಗಿ ಮುಗಿಯುವವರೆಗೆ ದಿನಕ್ಕೆ ನಾಲ್ಕು ಸಲ ಹಾಗೆಯೇ ಓಡಿಸಿದೆ. ಕೊನೆಗೆ ಸೇರು ಹುರುಳಿ ಬಂತು, ತಗೊಂಡೆ. ಈ ವರ್ಷವೂ ಹಾಸಿದ್ದಾರೆ, ಈ ವರ್ಷವೂ ಬಲಗಡೆ ಅರ್ಧ ರಸ್ತೆ ಗುಡಿಸಿಟ್ಟಿದ್ದಾರೆ. ಕಾರು ಸಿರಾದ ಅಂಗಳದಲ್ಲಿ ಬಿಡಿಬಿಡಿಯಾಗಿ ಮಾರಿಹೋಗಿ ವರ್ಷವಾಯಿತು. ಅದನ್ನು ಅಜ್ಜಿಗೆ ಹೇಳಬೇಕು ಎಂದುಕೊಂಡೇ ಪ್ರತಿ ದಿನ ಪಾವಗಡ ದಾಟುತ್ತೇನೆ, ಇನ್ನೂ ಹೇಳಿಲ್ಲ.